ತಿದ್ದಿ ಬಂದ ಸಂಭಾಷಣೆ, ತಿದ್ದಲಾಗದ ಮಾತು

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಉದ್ಯೋಗ. ಧಾರವಾಡದ ಸಪ್ತಾಪುರದ ಮನೆಯಲ್ಲಿ ಕುಳಿತು ನಾನು ಬರೆದ ದೃಶ್ಯಗಳು ಬೆಂಗಳೂರಿನಲ್ಲಿ ಚಿತ್ರೀಕರಣಗೊಳ್ಳುತ್ತವೆ. ಮದುವೆ ಮನೆಗೆ ಹೋದರೂ, ಬ್ಯಾಂಕಿಗೆ ಹೋದರೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ರಿಯಾಲಿಟಿ ಶೋಗಳ ಎದುರು ಧಾರಾವಾಹಿಗಳು ಇನ್ನೆಷ್ಟು ದಿನ ಬಾಳುತ್ತವೆ? ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆ ಪ್ರತಿ ವಾರ ಬಿಡುಗಡೆ ಮಾಡುವ ಟಿಆರ್‌ಪಿ ಪಟ್ಟಿಯನ್ನು ನೋಡಿದರೆ ಈ ಆತಂಕಕ್ಕೆ ಆಧಾರ ಸಿಗುವುದಿಲ್ಲ. ಕನ್ನಡದ ಮಟ್ಟಿಗೆ ಮೇಲಿನ ಸ್ಥಾನಗಳಲ್ಲಿ ಹೆಚ್ಚಾಗಿ ಇರುವುದು ಸಂಜೆಯ ಧಾರಾವಾಹಿಗಳೇ. ಆದರೂ ಮರುದಿನ ಹುಬ್ಬಳ್ಳಿಯ ಸಿಬಿಟಿಯಲ್ಲಿ ಬಸ್ಸಿಗೆ ನಿಂತವರು ವಾದಕ್ಕೆ ಇಳಿಯುವುದು ಶೋದ ಸ್ಪರ್ಧಿಗಳ ವಿಷಯದಲ್ಲಿ. ಹೆಚ್ಚು ಜನ ನೋಡುವುದು ಒಂದನ್ನು, ಮನಸ್ಸಿಗೆ ಹಚ್ಚಿಕೊಂಡು ಜಗಳವಾಡುವುದು ಇನ್ನೊಂದರ ಬಗ್ಗೆ ಏಕೆ ಎಂಬುದು ನನ್ನ ವೃತ್ತಿಗೆ ನೇರವಾಗಿ ಸಂಬಂಧಿಸಿದ ವಿಚಾರ.

ಧಾರಾವಾಹಿಯನ್ನು ನಾವು ಕಿವಿಗಾಗಿ ಬರೆಯುತ್ತೇವೆ. ಸಂಜೆ 7 ಗಂಟೆಗೆ ನಮ್ಮ ಭಾಗದ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ, ಟಿ.ವಿ. ಪಡಸಾಲೆಯಲ್ಲಿ, ನೋಡಬೇಕಾದವರು ಒಲೆಯ ಮುಂದೆ. ಅವರಿಗೆ ಪರದೆ ಕಾಣದಿದ್ದರೂ ಕತೆ ತಪ್ಪಬಾರದು. ಆದ್ದರಿಂದ ಪಾತ್ರವೊಂದು ಕಾಗದ ಎತ್ತಿ ತೋರಿಸಿ ಸುಮ್ಮನಿದ್ದರೆ ಸಾಲದು, ‘ಅಪ್ಪ ನನ್ನ ಹೆಸರಿಗೆ ಬರೆದಿಟ್ಟ ಹೊಲದ ಪತ್ರ ಇದು’ ಎಂದು ಬಾಯಿಬಿಟ್ಟು ಹೇಳಲೇಬೇಕು. ಇದೇ ಮಾತು ಮುಂದಿನ ದೃಶ್ಯದಲ್ಲಿ ಅತ್ತೆಯ ಬಾಯಲ್ಲಿ, ಮರುದಿನದ ಸಂಚಿಕೆಯಲ್ಲಿ ಮೈದುನನ ಬಾಯಲ್ಲಿ ಮತ್ತೆ ಬರುತ್ತದೆ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಉಳಿಯುವ ಸುಮಾರು 22 ನಿಮಿಷಗಳಲ್ಲಿ ಗಣನೀಯ ಪಾಲು ಹೀಗೆ ಹೇಳಿದ್ದನ್ನು ಹೇಳುವುದಕ್ಕೆ ವೆಚ್ಚವಾಗುತ್ತದೆ ಎಂದು ವಿಮರ್ಶಕರು ಬೇಸರಪಡುತ್ತಾರೆ. ದುಡಿಯುತ್ತಲೇ ಕತೆ ಕೇಳುವ ಹೆಣ್ಣುಮಕ್ಕಳಿಗೆ ಆ ಪುನರುಕ್ತಿ ಬೇಕು, ಅದನ್ನು ಬರೆಯಲು ನನಗೆ ಸಂಕೋಚವಿಲ್ಲ.

ರಿಯಾಲಿಟಿ ಶೋಗೆ ಬರಹಗಾರರೇ ಇರುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಲ್ಲಿ ಬರವಣಿಗೆಯ ದೊಡ್ಡ ಪಾಲು ಚಿತ್ರೀಕರಣದ ನಂತರ, ಸಂಕಲನದ ಮೇಜಿನ ಮೇಲೆ ನಡೆಯುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಆಗಿ ಹುಟ್ಟಿ, 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ‘ಬಿಗ್ ಬಾಸ್’ ಎಂಬ ಹೆಸರಿನಲ್ಲಿ ಬಂದ ಕಾರ್ಯಕ್ರಮವನ್ನೇ ನೋಡಿ: ದಿನದ 24 ಗಂಟೆಯೂ ಹತ್ತಾರು ಕ್ಯಾಮೆರಾಗಳು ಸೆರೆಹಿಡಿದದ್ದರಲ್ಲಿ ರಾತ್ರಿ ನಮಗೆ ಕಾಣುವುದು ಗಂಟೆ, ಒಂದೂವರೆ ಗಂಟೆಯಷ್ಟು. ಯಾವ ಮಾತನ್ನು ಇಟ್ಟುಕೊಳ್ಳಬೇಕು, ಆ ಮಾತಿನ ಬೆನ್ನಿಗೆ ಯಾರ ಮುಖ ತೋರಿಸಬೇಕು, ಜಗಳ ಎಲ್ಲಿ ಮುರಿದು ಜಾಹೀರಾತಿಗೆ ಹೋಗಬೇಕು ಎಂದು ನಿರ್ಧರಿಸುವವರು ಕತೆಗಾರರೇ ಸರಿ. ಆದರೆ ಅವರ ಕತ್ತರಿ ಮಾತನ್ನು ತುಂಡು ಮಾಡಬಲ್ಲದು, ಹಿಂದುಮುಂದು ಮಾಡಬಲ್ಲದು. ಆಡಿದವನ ನಾಲಿಗೆಯನ್ನು ಬದಲಿಸಲಾರದು. ನಮ್ಮ ಭಾಗದ ವೀಕ್ಷಕರು ಆ ಶೋಗಳನ್ನು ಅಷ್ಟೊಂದು ಹಚ್ಚಿಕೊಂಡಿರುವುದಕ್ಕೆ ಇದು ಬಹುದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ.

ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ತಾಂಡಾದ ಹನುಮಂತ, ಕುರಿ ಕಾಯುತ್ತಿದ್ದ ಹುಡುಗ, ಮೊದಲು ‘ಸರಿಗಮಪ’ದಲ್ಲಿ ಹಾಡಿ ರನ್ನರ್ ಅಪ್ ಆದರು. ಮುಂದೆ ‘ಬಿಗ್ ಬಾಸ್’ 11ನೇ ಆವೃತ್ತಿಗೆ ವೈಲ್ಡ್ ಕಾರ್ಡ್ ಮೂಲಕ ನಡುವೆ ಸೇರಿ, 2025ರ ಜನವರಿಯಲ್ಲಿ 5 ಕೋಟಿಗೂ ಹೆಚ್ಚು ಮತಗಳೊಡನೆ ಗೆದ್ದರು. ಒಬ್ಬರೇ ಹಲವು ಮತ ಹಾಕಲು ಅವಕಾಶವಿದ್ದುದರಿಂದ ಅದನ್ನು 5 ಕೋಟಿ ಜನರೆಂದು ಓದಬಾರದು. ಒಬ್ಬೊಬ್ಬರು ಮತ್ತೆ ಮತ್ತೆ ಮತ ಹಾಕುವಷ್ಟು ಅಕ್ಕರೆ ಇತ್ತೆಂದು ಓದಬಹುದು. ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಅಕ್ಕಾವರು ಹೇಳಿದ ಮಾತು ಇನ್ನೂ ನೆನಪಿದೆ: “ನಮ್ಮ ಮನ್ಯಾಗಿನ ಹುಡುಗ ಮಾತಾಡಿಧಂಗ ಮಾತಾಡ್ತಾನ್ರೀ. ಅಂವಾ ಸುಮ್ನ ಕುಂತ್ರೂ ನೋಡ್ಬೇಕನಸ್ತೈತಿ.” ನಾನು ಬರೆದ ಧಾರಾವಾಹಿಯನ್ನು ದಿನವೂ ತಪ್ಪದೆ ನೋಡುತ್ತಿದ್ದ ಅವರು ಅದರ ಯಾವ ಪಾತ್ರದ ಬಗ್ಗೆಯೂ ಹೀಗೆ ಹೇಳಿರಲಿಲ್ಲ. ಹೇಳುವಂತೆ ನಾವು ಬರೆದೂ ಇರಲಿಲ್ಲ.

ಅದೇ ಧಾರಾವಾಹಿಯಲ್ಲಿ ನವಲಗುಂದ ಕಡೆಯ ಒಬ್ಬ ತಾಯಿ ಇದ್ದಳು. ಮುನಿಸಿಕೊಂಡು ಹೊರಟ ಮಗಳನ್ನು ಹೊಸ್ತಿಲಲ್ಲಿ ತಡೆಯುವ ದೃಶ್ಯಕ್ಕೆ ನಾನು ಬರೆದ ಮಾತು ಇದು: “ಬಾರವಾ, ಕುಂದ್ರ ಬಾ. ಮಳಿ ಜೋರ ಬರಾಕತ್ತೈತಿ, ನಿಂತಮ್ಯಾಲ ಹೋಗಿಯಂತ.” ಪ್ರಸಾರವಾದದ್ದು ಹೀಗೆ: “ಬಾಮ್ಮಾ, ಕೂತ್ಕೋ. ಮಳೆ ಜೋರಾಗಿ ಬರ್ತಿದೆ, ನಿಂತ್ಮೇಲೆ ಹೋಗುವಂತೆ.” ಅರ್ಥದಲ್ಲಿ ಒಂದಕ್ಷರವೂ ಹೋಗಿಲ್ಲ. ಹೋದದ್ದು ‘ಬಾರವಾ’ ಎಂಬ ಕರೆಯಲ್ಲಿ ಗದರಿಕೆಯೂ ಬೇಡಿಕೆಯೂ ಕೂಡಿಯೇ ಇರುವ ರೀತಿ. ಮಗಳು ನಿಲ್ಲುವುದೇ ಆ ದನಿಗೆ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಇದಕ್ಕೆ ಯಾರದೋ ದ್ವೇಷ ಕಾರಣವೆಂದು ನಾನು ಹೇಳಲಾರೆ. ಹೆಚ್ಚುಕಡಿಮೆ ದಿನಕ್ಕೊಂದು ಸಂಚಿಕೆ ಸಿದ್ಧವಾಗಬೇಕಾದ ಅವಸರದಲ್ಲಿ ಕಲಾವಿದರಿಗೆ ಮಾತು ಬಾಯಿಪಾಠ ಮಾಡಲು ಬಿಡುವಿರುವುದಿಲ್ಲ. ಕ್ಯಾಮೆರಾದ ಬದಿಯಲ್ಲಿ ನಿಂತ ಸಹಾಯಕ ನಿರ್ದೇಶಕರು ಒಂದೊಂದೇ ಸಾಲನ್ನು ಓದಿ ಹೇಳುತ್ತಾರೆ, ನಟರು ಅದನ್ನು ಹಿಡಿದು ಭಾವ ತುಂಬಿ ಆಡುತ್ತಾರೆ. ಪ್ರಾಂಪ್ಟಿಂಗ್ ಎಂದು ಕರೆಯುವುದು ಇದನ್ನೇ. ಓದುವವರ ನಾಲಿಗೆಗೆ ‘ಬರಾಕತ್ತೈತಿ’ ಹೊರಳದಿದ್ದರೆ ಆ ಕ್ಷಣದಲ್ಲಿಯೇ ಅದು ‘ಬರ್ತಿದೆ’ ಆಗುತ್ತದೆ. ಜೊತೆಗೆ, ನಮ್ಮ ಮಾತು ನಗಿಸುವ ಆಳಿಗೋ ಬೈಯುವ ಗೌಡನಿಗೋ ಮಾತ್ರ ಒಪ್ಪುತ್ತದೆ, ನಾಯಕಿಯ ತಾಯಿಗೆ ಒಪ್ಪುವುದಿಲ್ಲ ಎಂಬ ಹಳೆಯ ರೂಢಿಯೂ ಸೇರಿಕೊಳ್ಳುತ್ತದೆ. ಈ ರೂಢಿ ನನಗೆ ನೋವು ಕೊಡುತ್ತದೆ. ಅಳುವುದಕ್ಕೂ ಪ್ರೀತಿಸುವುದಕ್ಕೂ ಇದೇ ಮಾತು ಬಳಸುವ ಜನ ಧಾರವಾಡ, ಗದಗ, ಹಾವೇರಿಯ ಪ್ರತಿ ಓಣಿಯಲ್ಲಿ ಇದ್ದಾರೆ, ಅವರೇ ಧಾರಾವಾಹಿಯ ವೀಕ್ಷಕರೂ ಆಗಿದ್ದಾರೆ.

ಈಗ ನಾನು ಬರೆದ ಹಾಳೆಗಳ ಜೊತೆಗೆ ಧ್ವನಿಮುದ್ರಿಕೆಯನ್ನೂ ಕಳಿಸುತ್ತೇನೆ. ನಮ್ಮ ಕಡೆಯ ಪಾತ್ರದ ಸಾಲುಗಳನ್ನು ಮೊಬೈಲಿನಲ್ಲಿ ನಾನೇ ನಿಧಾನವಾಗಿ ಆಡಿ, ಎಲ್ಲಿ ದನಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಬೇಕು ಎಂದು ತೋರಿಸಿ, ಸಹಾಯಕ ನಿರ್ದೇಶಕರಿಗೂ ಕಲಾವಿದರಿಗೂ ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್ ಮಾಡುತ್ತೇನೆ. ನಾಲ್ಕು ನಿಮಿಷದ ದೃಶ್ಯಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಕಳೆದ ತಿಂಗಳು ಮಂಡ್ಯ ಕಡೆಯ ಒಬ್ಬ ಕಲಾವಿದೆ ಅದನ್ನು ಮೇಕಪ್ಪಿಗೆ ಕುಳಿತಾಗಲೆಲ್ಲ ಕೇಳಿಸಿಕೊಂಡು, ಸೆಟ್ಟಿನಿಂದಲೇ ನನಗೆ ಫೋನ್ ಮಾಡಿ, “ಸರ್, ‘ಯಾಕವಾ’ ಅನ್ನೋದನ್ನ ಕೊನೇಲಿ ಏರಿಸ್ಬೇಕೋ ಇಳಿಸ್ಬೇಕೋ?” ಎಂದು ಕೇಳಿದರು. ಇಳಿಸಿ ಎಂದೆ. ಆ ಸಾಲು ಹಾಗೆಯೇ ಪ್ರಸಾರವಾಯಿತು.