ಅಜ್ಜನಿಗೆ ನೀರಡಿಕೆ ಯಾಕಾಗುವುದಿಲ್ಲ

"ನೀರಡಿಕಿ ಆಗಿಲ್ಲವ್ವಾ, ಆಮ್ಯಾಲೆ ಕುಡೀತೀನಿ." ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಬಿಸಿಲು 42 ಡಿಗ್ರಿ ದಾಟಿದಾಗಲೂ ಎಷ್ಟೋ ಹಿರಿಯರು ಹೇಳುವ ಮಾತಿದು. ಮಾತು ನಿಜವೇ, ಅವರಿಗೆ ನೀರಡಿಕೆ ಆಗಿರುವುದಿಲ್ಲ. ಭಯಪಡಬೇಕಾದದ್ದೂ ಅದಕ್ಕೇ.

ಬೆವರಿನಲ್ಲಿ ಉಪ್ಪಿಗಿಂತ ನೀರೇ ಹೆಚ್ಚು ಹೋಗುವುದರಿಂದ ರಕ್ತ ಸಾಂದ್ರವಾಗುತ್ತದೆ. ಆಗ ಮಿದುಳಿನ ಹೈಪೊಥಲಾಮಸ್ ಭಾಗದ ಕೆಲವು ಜೀವಕೋಶಗಳಿಂದ ನೀರು ಹೊರಬಂದು ಅವು ಕುಗ್ಗುತ್ತವೆ. ಸಾಂದ್ರತೆ ಶೇ 1ರಿಂದ 2ರಷ್ಟು ಏರಿದರೂ ಸಾಕು, ಈ ಕುಗ್ಗುವಿಕೆ ಎರಡು ಕೆಲಸ ಮಾಡಿಸುತ್ತದೆ: ನಮಗೆ ನೀರು ಬೇಕೆನಿಸುತ್ತದೆ, ಮತ್ತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹರಿದು ಮೂತ್ರಪಿಂಡ ನೀರು ಉಳಿಸಿಕೊಳ್ಳುತ್ತದೆ. ವಯಸ್ಸಾದಂತೆ ಮೊದಲನೆಯದು ಮಂಕಾಗುತ್ತದೆ. ಹಾರ್ಮೋನು ಬಂದರೂ ಹಳೆಯ ಮೂತ್ರಪಿಂಡ ಅದರ ಮಾತು ಪೂರ್ತಿ ಕೇಳುವುದಿಲ್ಲ. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರಿಗೂ ಯುವಕರಿಗೂ 24 ಗಂಟೆ ನೀರು ಕೊಡಲಿಲ್ಲ. ಹಿರಿಯರ ರಕ್ತವೇ ಹೆಚ್ಚು ಸಾಂದ್ರವಾಗಿತ್ತು. ಆದರೂ ಅವರಿಗೆ ನೀರಡಿಕೆ ಕಡಿಮೆ, ಆಮೇಲೆ ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ!

ಹಾಗಾಗಿ ಗಡಿಯಾರ ನೋಡಿ ಕುಡಿಯಬೇಕು. ಸಾಮಾನ್ಯ ದಿನಗಳಲ್ಲೇ ಹಿರಿಯ ಗಂಡಸರಿಗೆ ಸುಮಾರು 2 ಲೀಟರ್, ಹೆಂಗಸರಿಗೆ 1.6 ಲೀಟರ್ ಪಾನೀಯ ಬೇಕು. ಬಿಸಿಲಿಗೆ ಇನ್ನೂ ಹೆಚ್ಚು. ಅಂಬಲಿ, ತೆಳು ಮಜ್ಜಿಗೆ, ಚಹಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾತ್ರಿ ಏಳಬೇಕಾಗುತ್ತದೆಂದು ಬಹಳ ಜನ ನೀರನ್ನೇ ಬಿಡುತ್ತಾರೆ. ಅಂಥವರು ಬೆಳಿಗ್ಗೆ ಎದ್ದಕೂಡಲೇ ಶುರುಮಾಡಿ ಗಂಟೆಗೊಂದು 200 ಮಿಲಿ ಲೋಟದಂತೆ ಸಂಜೆ 5ರೊಳಗೆ ಬಹುಪಾಲು ಮುಗಿಸಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುತ್ತಿದ್ದರೆ, ನೀರಿನ ಮತ್ತು ಉಪ್ಪಿನ ಪ್ರಮಾಣವನ್ನು ಬೇಸಿಗೆಗೆ ಮುಂಚೆಯೇ ವೈದ್ಯರಿಂದ ಕೇಳಿಕೊಳ್ಳಿ.

ವಾಂತಿ-ಭೇದಿ ಆದಾಗ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಸಕ್ಕರೆ-ಲವಣಗಳ ಪುಡಿ) ಬೇಕು. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಅರ್ಧ ಪುಡಿಯನ್ನು ಒಂದು ಲೋಟಕ್ಕೆ ಸುರಿದರೆ ದ್ರಾವಣ ಗಟ್ಟಿಯಾಗಿ ಭೇದಿ ಹೆಚ್ಚುತ್ತದೆ, ಸೋಡಿಯಂ ಏರುತ್ತದೆ. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ ಸಮತಟ್ಟಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೆಂಬ ನಂಬಿಕೆಯಿಂದ ದೇಹಕ್ಕೆ ಒಂದು ಹನಿ ನೀರೂ ಸೇರುವುದಿಲ್ಲ. ಅದನ್ನು ನಂಬಿ ಹೊಲಕ್ಕೆ ಹೋಗುವುದು ಜೀವಕ್ಕೆ ಕುತ್ತು.

ದೇಹದಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಚರ್ಮ ಚಿವುಟಿ ನೋಡುವ ಪರೀಕ್ಷೆ ಹಿರಿಯರಲ್ಲಿ ಮೋಸಮಾಡುತ್ತದೆ, ಅವರ ಚರ್ಮ ಮೊದಲೇ ಸಡಿಲ. ಮೂತ್ರದ ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಎದ್ದು ನಿಂತಾಗ ತಲೆ ತಿರುಗುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು, ವಿಪರೀತ ಮಂಪರು ಕಂಡರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ. ಮೈ ಕಾದಿದ್ದು ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಇಳಿದೀತು. ನೆರಳಿಗೆ ತಂದು ಮೈಯೆಲ್ಲ ತೋಯಿಸಿ, ಗಾಳಿ ಬೀಸುತ್ತಾ 108ಕ್ಕೆ ಕರೆಮಾಡಿ.