ನೂಲಿನ ಊರು, ನಿಬ್ಬಿನ ಊರು: ಏಸಾ ಬ್ರಿಗ್ಸ್ ಓದಿದ ಇಂಗ್ಲೆಂಡ್

ಕೈಗಾರಿಕಾ ಕ್ರಾಂತಿ ಎಂದಕೂಡಲೇ ಕಣ್ಣಿಗೆ ಕಟ್ಟುವುದು ಮ್ಯಾಂಚೆಸ್ಟರಿನ ಹತ್ತಿ ಗಿರಣಿ. 1840ರ ದಶಕದಲ್ಲಿ ಕಾರ್ಲ್ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಅಲ್ಲಿ ಕಂಡದ್ದನ್ನೇ ಇಡೀ ಇಂಗ್ಲೆಂಡಿನ ಜಾತಕ ಎಂದು ಓದುವ ರೂಢಿ ಬಹುಕಾಲ ನಡೆಯಿತು. ಅದನ್ನು ಒಪ್ಪದ ಇತಿಹಾಸಕಾರ ಏಸಾ ಬ್ರಿಗ್ಸ್.

1921ರಲ್ಲಿ ಯಾರ್ಕ್‌ಷೈರಿನ ಗಿರಣಿ ಊರು ಕೀತ್ಲಿಯಲ್ಲಿ ಹುಟ್ಟಿದ ಅವರು 1952ರಲ್ಲಿ ಬರ್ಮಿಂಗ್‌ಹ್ಯಾಮ್ ಚರಿತ್ರೆಯ ಒಂದು ಸಂಪುಟ ಬರೆದರು. ಅವರ ವಾದ ಇಷ್ಟು: ಬರ್ಮಿಂಗ್‌ಹ್ಯಾಮ್ ಸಣ್ಣ ಸಣ್ಣ ಕಾರ್ಖಾನೆಗಳ ಊರು, ಯಜಮಾನನೂ ಕೆಲಸಗಾರನೂ ದಿನವಿಡೀ ಅಕ್ಕಪಕ್ಕದಲ್ಲೇ ಇರುತ್ತಿದ್ದರು. ಹಾಗಾಗಿಯೇ 1830ರ ಹೊತ್ತಿಗೆ ಬ್ಯಾಂಕರ್ ಥಾಮಸ್ ಆಟ್‌ವುಡ್ ಸಂಸತ್ತಿನ ಸುಧಾರಣೆಗಾಗಿ ಕಟ್ಟಿದ ರಾಜಕೀಯ ಸಂಘದಲ್ಲಿ ಇಬ್ಬರೂ ಒಟ್ಟಿಗೆ ನಿಂತರು. ಮ್ಯಾಂಚೆಸ್ಟರಿನ ದೊಡ್ಡ ಗಿರಣಿಗಳ ನಡುವೆ ಅದು ಕಷ್ಟವಿತ್ತು.

ವಾದ ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ಅದೇ ಊರಿನ ಜೋಸೆಫ್ ಗಿಲಟ್‌ನ ಪೆನ್ನಿನ ನಿಬ್ಬಿನ ಕಾರ್ಖಾನೆ ನೋಡಿ. ತೆಳು ಉಕ್ಕಿನ ಪಟ್ಟಿಯಿಂದ ನಿಬ್ಬಿನ ಆಕಾರ ಒತ್ತಿ ತೆಗೆಯಬೇಕು, ನಡುವೆ ತೂತು ಕೊರೆಯಬೇಕು. ಕಾಯಿಸಿ ಮೆದುವಾದ ಮೇಲೆ ಬಾಗಿಸಿ, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಬೇಕು. ಎಣ್ಣೆಯಿಂದ ಎತ್ತಿದ ನಿಬ್ಬು ಗಾಜಿನಷ್ಟು ಪೆಡಸು, ಒತ್ತಿದರೆ ಚಟ್ಟನೆ ಮುರಿಯುತ್ತದೆ. ಹದವಾಗಿ ಮತ್ತೊಮ್ಮೆ ಕಾಯಿಸಿದರೇ ಅದಕ್ಕೆ ಬಳುಕು ಬರುವುದು. ಕಾವು ಹೆಚ್ಚಾದರೆ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಆಮೇಲೆ ಉಜ್ಜಿ, ಕೊನೆಗೆ ತೂತಿನಿಂದ ಮೊನೆಯವರೆಗೆ ಸೀಳು. ಒಂದೊಂದು ಹಂತಕ್ಕೂ ಬೇರೆ ಬೇರೆ ಕೈ, ಒತ್ತುಯಂತ್ರಗಳ ಮುಂದೆ ಸಾಲುಗಟ್ಟಿದ ನೂರಾರು ಹೆಂಗಸರು. ಇಲ್ಲಿ ಯಜಮಾನ ಪಕ್ಕದಲ್ಲಿ ಕೂತಿರಲಿಲ್ಲ.

ಒಂದು ಊರಿನ ಲೆಕ್ಕ ಇನ್ನೊಂದಕ್ಕೆ ಒಗ್ಗದು ಎಂಬ ಮೂಲ ಮಾತು ಮಾತ್ರ ಗಟ್ಟಿ. ವಿಕ್ಟೋರಿಯಾ ಕಾಲದ ನಗರಗಳ ಬಗ್ಗೆ 1963ರಲ್ಲಿ ಬಂದ ಬ್ರಿಗ್ಸ್ ಅವರ ಪುಸ್ತಕದಲ್ಲಿ ಈಶಾನ್ಯ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರು ಇದೆ: 1801ರಲ್ಲಿ 25 ಜನ, 1901ರಲ್ಲಿ 91,302. ಮೊದಲು ಕಲ್ಲಿದ್ದಲು ಸಾಗಿಸುವ ರೈಲು, 1850ರಲ್ಲಿ ಪಕ್ಕದ ಎಸ್ಟನ್ ಗುಡ್ಡದಲ್ಲಿ ಕಬ್ಬಿಣದ ಅದಿರು. ಇಡೀ ಊರಿನ ಅನ್ನ ಒಂದೇ ಲೋಹದ ಬೆಲೆಗೆ ಜೋತುಬಿದ್ದಿತ್ತು.

ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ, ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1967ರಿಂದ 1976ರವರೆಗೆ ಕುಲಪತಿ, ಇವೆಲ್ಲದರ ನಡುವೆಯೇ ಅವರು ಅಂಗಡಿಗಳತ್ತಲೂ ತಿರುಗಿದ್ದರು. 1956ರಲ್ಲಿ ಲೂಯಿಸ್ ಮಳಿಗೆಗಳ ಶತಮಾನದ ಕಥೆ, 1984ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳದ್ದು. ಅಂಗಡಿಯ ಚರಿತ್ರೆ ಬರೆಯುವವರಿಗೆ ಒಂದು ತೊಡಕು ತಪ್ಪಿದ್ದಲ್ಲ: ಕಡತದ ಕೋಣೆಯ ಬೀಗದ ಕೈ ಅಂಗಡಿಯವರ ಹತ್ತಿರವೇ ಇರುತ್ತದೆ. ವಿಕ್ಟೋರಿಯಾ ಕಾಲದ ವಸ್ತುಗಳ ಕುರಿತ ಅವರ 1988ರ ಪುಸ್ತಕ ಇದಕ್ಕಿಂತ ಮುಕ್ತ. ಅದರಲ್ಲಿ ಗುಂಡುಸೂಜಿ, ಕನ್ನಡಕ, ಅಂಚೆಚೀಟಿಗಳ ಜೊತೆ ಬೆಂಕಿಕಡ್ಡಿಯೂ ಇದೆ.

ಆ ಕಡ್ಡಿಯ ಕಥೆ ಕೊಳ್ಳುವವರನ್ನೂ ಬಿಡುವುದಿಲ್ಲ. ಬಿಳಿ ರಂಜಕದ (ಫಾಸ್ಫರಸ್) ಕಡ್ಡಿಯನ್ನು ಯಾವ ಗೋಡೆಗೆ ಗೀರಿದರೂ ಹತ್ತುತ್ತಿತ್ತು, ಬೆಲೆಯೂ ಅಗ್ಗ. ಅದರ ಹೊಗೆ ಕುಡಿದ ಕೆಲಸಗಾರರ ದವಡೆ ಮೂಳೆ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದರು. 1891ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಅಂಥ ಕೇಡಿಲ್ಲದ ಕೆಂಪು ರಂಜಕ ಬಳಸುವ ಕಾರ್ಖಾನೆ ತೆರೆದು ಹೆಚ್ಚು ಕೂಲಿ ಕೊಟ್ಟಿತು. ಹಾಗಾಗಿ ಅದರ ಪೊಟ್ಟಣದ ಬೆಲೆ ಏರಿತು, ಜನ ಅಗ್ಗದ್ದನ್ನೇ ಕೊಂಡರು. ಹತ್ತು ವರ್ಷಕ್ಕೆ ಆ ಕಾರ್ಖಾನೆ ಬ್ರಯಂಟ್ ಅಂಡ್ ಮೇ ಪಾಲಾಯಿತು.