ನೊಣದ ಮೊಟ್ಟೆಯ ಹಿಂತುದಿಯಲ್ಲಿ ಏನಿದೆ?

ಬಾಳೆಹಣ್ಣು ಸ್ವಲ್ಪ ಜಾಸ್ತಿ ಕಳಿತರೆ ಸಾಕು, ಎಲ್ಲಿಂದಲೋ ಬಂದು ಮುತ್ತಿಕೊಳ್ಳುವ ಪುಟ್ಟ ನೊಣವೇ ಡ್ರೊಸೊಫಿಲಾ. ಅದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಮೊಟ್ಟೆ ಇಟ್ಟು ಸುಮಾರು ಒಂದೂವರೆ ಗಂಟೆಯಾದಾಗ ಹಿಂತುದಿಯಲ್ಲಿ ಒಂದಷ್ಟು ಗುಂಡನೆಯ ಕೋಶಗಳು ಉಬ್ಬಿ ಬೇರೆಯಾಗುತ್ತವೆ. ಉಳಿದ ಕಡೆ ಇನ್ನೂ ಕೋಶಗಳೇ ಇಲ್ಲ; ಒಂದೇ ಚೀಲದೊಳಗೆ ನ್ಯೂಕ್ಲಿಯಸ್‌ಗಳು ಸುಮ್ನೆ ದುಪ್ಪಟ್ಟಾಗುತ್ತಾ ಇರುತ್ತವೆ. ಎಲ್ಲರಿಗಿಂತ ಮೊದಲು ಹುಟ್ಟುವ ಈ ಪೋಲ್ ಸೆಲ್‌ಗಳೇ ಮುಂದೆ ಮೊಟ್ಟೆ ಅಥವಾ ವೀರ್ಯಾಣು ಆಗುವ ಜನನಕೋಶಗಳು.

ಜರ್ಮನಿಯ ಆಗಸ್ಟ್ ವೈಸ್‌ಮನ್ ನೊಣಗಳ ಮೊಟ್ಟೆಯಲ್ಲಿ ಇವನ್ನು 1860ರ ದಶಕದಲ್ಲೇ ಗಮನಿಸಿದ್ದರು. ಮೈ ಕಟ್ಟುವ ಕೋಶಗಳೇ ಬೇರೆ, ವಂಶ ಮುಂದುವರಿಸುವ ಕೋಶಗಳೇ ಬೇರೆ ಎಂಬುದು ಅವರ ವಾದ. ಅದಕ್ಕೆ ಕಾರಣವಾದ ವಸ್ತು ನ್ಯೂಕ್ಲಿಯಸ್ಸಿನಲ್ಲಿದೆ ಅಂದುಕೊಂಡಿದ್ದರು. ನೊಣದ ಮಟ್ಟಿಗೆ ಉತ್ತರ ಅಲ್ಲಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಹೆಗ್ನರ್ ಎಂಬವರು ಜೀರುಂಡೆ ಮೊಟ್ಟೆಯ ಹಿಂತುದಿಗೆ ಪೆಟ್ಟು ಕೊಟ್ಟು ನೋಡಿದರು. ಆಮೇಲೆ ಡ್ರೊಸೊಫಿಲಾ ಮೊಟ್ಟೆಯ ಅದೇ ಜಾಗಕ್ಕೆ ನೇರಳಾತೀತ ಕಿರಣ ಬಿಟ್ಟು ನೋಡಿದ್ದೂ ಆಯಿತು. ಹುಟ್ಟಿದ ನೊಣಗಳಿಗೆ ಮಕ್ಕಳಾಗಲಿಲ್ಲ.

ಕೆಡಿಸಿದರೆ ಕೆಡುತ್ತದೆ, ಸರಿ. ಅಷ್ಟಕ್ಕೇ ಆ ಜಾಗದ ಮಹಿಮೆ ಸಾಬೀತಾಗುವುದಿಲ್ಲ ಅಲ್ವಾ? ಅದಕ್ಕೆ ಉತ್ತರ ಸಿಕ್ಕಿದ್ದು 1974ರಲ್ಲಿ. ಇಲ್ಮೆನ್ಸಿ ಮತ್ತು ಮಾಹೊವಾಲ್ಡ್ ಒಂದು ಮೊಟ್ಟೆಯ ಹಿಂತುದಿಯ ದ್ರವವನ್ನು ಸಣ್ಣ ಸೂಜಿಯಲ್ಲಿ ಎಳೆದುಕೊಂಡು ಇನ್ನೊಂದರ ಮುಂತುದಿಗೆ ಚುಚ್ಚಿದರು. ತಲೆ ಬರಬೇಕಾದ ಕಡೆ ಪೋಲ್ ಸೆಲ್‌ನಂಥ ಕೋಶಗಳು ಎದ್ದವು. ಅವನ್ನು ತೆಗೆದು, ಬೇರೆ ವಂಶದ ಗುರುತಿರುವ ಮೂರನೇ ಭ್ರೂಣದ ಹಿಂಬದಿಗೆ ಇಟ್ಟರು. ಆ ನೊಣ ಬೆಳೆದು ಅದಕ್ಕೆ ಮರಿಗಳಾದಾಗ ಕೆಲವು ಮರಿಗಳಲ್ಲಿ ಕಸಿ ಮಾಡಿದ ಕೋಶಗಳ ಗುರುತು ಕಾಣಿಸಿತು. ನನಗಂತೂ ಇಡೀ ಕಥೆಯಲ್ಲಿ ಇದಕ್ಕಿಂತ ಚೊಕ್ಕ ಪ್ರಯೋಗ ಕಾಣುವುದಿಲ್ಲ.

ಆದರೆ ಆ ದ್ರವದಲ್ಲಿ ಇರುವುದೇನು? 1980ರ ದಶಕದಲ್ಲಿ ಕ್ರಿಸ್ಟಿಯಾನೆ ನ್ಯುಸ್ಲೈನ್-ಫೋಲ್‌ಹಾರ್ಡ್ ಮತ್ತು ಇತರ ವಿಜ್ಞಾನಿಗಳು, ಕೆಟ್ಟರೆ ಪೋಲ್ ಸೆಲ್‌ಗಳೇ ಹುಟ್ಟದಂಥ ಜೀನ್‌ಗಳನ್ನು ಒಂದೊಂದಾಗಿ ಹುಡುಕಿ ತೆಗೆದರು. ಇಲ್ಲೊಂದು ವಿಚಿತ್ರವಿದೆ. ಈ ಜೀನ್‌ಗಳು ಕೆಲಸ ಮಾಡುವುದು ಭ್ರೂಣದಲ್ಲಲ್ಲ, ತಾಯಿಯಲ್ಲಿ. ಮೊಟ್ಟೆ ತಯಾರಾಗುವಾಗಲೇ ಬೇಕಾದ್ದನ್ನೆಲ್ಲ ಅವಳೇ ತುಂಬಿ ಕಳಿಸುತ್ತಾಳೆ. ಟ್ಯೂಡರ್ ಜೀನ್ ಕೆಟ್ಟ ತಾಯಿಗೆ ಮಕ್ಕಳಾಗುತ್ತವೆ, ಬದುಕಿ ಉಳಿದ ಮಕ್ಕಳಿಗೆ ಮಕ್ಕಳಾಗುವುದಿಲ್ಲ. ಮೊಮ್ಮಕ್ಕಳ ಭಾಗ್ಯ ಇಲ್ಲ. ಟ್ಯೂಡರ್, ವಾಸಾ, ವಾಲ್ವಾ ಇವೆಲ್ಲ ವಾರಸುದಾರರಿಲ್ಲದೆ ಮುಗಿದುಹೋದ ಯುರೋಪಿನ ರಾಜಮನೆತನಗಳ ಹೆಸರು. ನೊಣದ ವಿಜ್ಞಾನಿಗಳ ತಮಾಷೆ ಹೀಗೇ.

ಈ ಜೀನ್‌ಗಳ ಗುಂಪಿಗೆ ಯಜಮಾನ ಯಾರೆಂದು ಗೊತ್ತಾಗಿದ್ದು 1992ರಲ್ಲಿ, ಆನ್ ಎಫ್ರುಸಿ ಮತ್ತು ರುತ್ ಲೇಮನ್ ಅವರಿಂದ. ಕೋವಿಡ್ ಲಸಿಕೆಯಿಂದ ಎಲ್ಲರಿಗೂ ಪರಿಚಯವಾದ ಎಮ್‌ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಜೀನಿನಿಂದ ತೆಗೆದ ಪ್ರತಿ, ಇಲ್ಲಿಯೂ ಇದೆ. ಓಸ್ಕರ್ ಜೀನಿನ ಎಮ್‌ಆರ್‌ಎನ್‌ಎ ಮೊಟ್ಟೆಯ ಹಿಂತುದಿಗೆ ಸಾಗಿ ಅಲ್ಲೇ ಪ್ರೋಟೀನ್ ಆಗುತ್ತದೆ. ಹೋಗಬೇಕಾದ ಜಾಗ ಅದರ ಬಾಲದಲ್ಲಿ ಬರೆದಿರುತ್ತದೆ, ಲಕೋಟೆ ಮೇಲಿನ ಪಿನ್ ಕೋಡ್ ಇದ್ದ ಹಾಗೆ. ಇವರು ಆ ಬಾಲ ತೆಗೆದು, ಮುಂತುದಿಗೆ ಹೋಗುವ ಬೈಕಾಯ್ಡ್ ಜೀನಿನ ಬಾಲ ಜೋಡಿಸಿದರು. ಪೋಲ್ ಸೆಲ್‌ಗಳು ಮುಂತುದಿಯಲ್ಲೇ ಹುಟ್ಟಿದವು. ಹಿಂತುದಿಯಲ್ಲಿ ಈ ಕೆಲಸಕ್ಕೆ ಎಂಟು ಜೀನ್ ಬೇಕು. ಮುಂತುದಿಯಲ್ಲಿ ಓಸ್ಕರ್ ಜೊತೆಗೆ ವಾಸಾ, ಟ್ಯೂಡರ್ ಇದ್ದರೆ ಸಾಕಾಯಿತು. ಅಂದರೆ ಉಳಿದವುಗಳಲ್ಲಿ ಕೆಲವು ಓಸ್ಕರ್‌ನನ್ನು ಜಾಗಕ್ಕೆ ಮುಟ್ಟಿಸುವ ಆಳುಗಳು.

ಕೋಶ ಹುಟ್ಟಿದ ಮೇಲಿನ ಕೆಲಸ ಬಹುಪಾಲು ತಡೆಯುವುದೇ. ನೆರೆಯ ಕೋಶಗಳು ಚರ್ಮ, ಸ್ನಾಯು ಆಗಲು ತಮ್ಮ ಜೀನ್‌ಗಳನ್ನು ಚಾಲೂ ಮಾಡುವಾಗ ಪಿಜಿಸಿ ಎಂಬ ಪುಟ್ಟ ಪ್ರೋಟೀನ್ ಜನನಕೋಶಗಳಲ್ಲಿ ಜೀನ್ ಓದುವುದನ್ನೇ ನಿಲ್ಲಿಸಿಬಿಡುತ್ತದೆ. ಅದಿಲ್ಲದಿದ್ದರೆ ಮೈಕೋಶದ ಜೀನ್‌ಗಳು ಅಲ್ಲೂ ಶುರುವಾಗಿ ಕೋಶಗಳು ಹಾಳಾಗುತ್ತವೆ. ನಾನೋಸ್ ಜೀನ್ ಕೂಡ ಇದೇ ಕಾವಲಿಗೆ ನಿಲ್ಲುತ್ತದೆ. ಆಮೇಲೆ ಕೋಶಗಳು ಕರುಳಿನ ಗೋಡೆ ದಾಟಿ ಅಂಡಾಶಯ ಅಥವಾ ವೃಷಣ ಆಗಲಿರುವ ಕಡೆಗೆ ನಡೆಯುತ್ತವೆ. ದಾರಿ ತೋರಿಸಲು ಬೇಕಾದ ಒಂದು ಕಿಣ್ವ ಯಾವುದು ಗೊತ್ತಾ? ನಮ್ಮಲ್ಲಿ ಕೊಲೆಸ್ಟರಾಲ್ ಮಾತ್ರೆ ಸ್ಟ್ಯಾಟಿನ್ ತಡೆಯುವಂಥದ್ದೇ.

ವಾಸಾದ ಬಳಗದ ಜೀನ್ ನಮ್ಮ ಜನನಕೋಶಗಳಲ್ಲೂ ಇದೆ. ಓಸ್ಕರ್ ಮಾತ್ರ ಕೀಟಗಳಲ್ಲೇ ಸಿಕ್ಕಿದೆ. ಇಲಿಯ ಭ್ರೂಣದಲ್ಲಿ ತಾಯಿ ತುಂಬಿಟ್ಟ ದ್ರವ ಇಲ್ಲ. ನೆರೆಯ ಕೋಶಗಳ ಸಂದೇಶ ಸಿಕ್ಕವು ಜನನಕೋಶ ಆಗುತ್ತವೆ. ಹಾಗಾದರೆ ಓಸ್ಕರ್ ಬಂದದ್ದೆಲ್ಲಿಂದ? ಅದರ ಒಂದು ಭಾಗ ಬ್ಯಾಕ್ಟೀರಿಯಾದ ಜೀನಿನಿಂದ ಕೀಟಗಳಿಗೆ ದಾಟಿ ಬಂದಿರಬಹುದು ಎಂದು ಕಸ್ಸಾಂಡ್ರಾ ಎಕ್ಸ್‌ಟವೂರ್ ತಂಡ 2020ರಲ್ಲಿ ವಾದಿಸಿದೆ.